2 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ 1.81 ಟಿಬಿ ಮಾತ್ರ ಏಕೆ ಕಾಣುತ್ತದೆ?

ಪ್ರಶ್ನೆ: ನಮ್ಮದು ಮದುವೆ ಫೋಟೊ, ವಿಡಿಯೊ ಮಾಡುವ ಸಣ್ಣ ಸ್ಟುಡಿಯೊ. ಹೊಸದಾಗಿ ತಂದ 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ವಿಂಡೋಸ್ ಕಂಪ್ಯೂಟರ್‌ನಲ್ಲಿ 1.81 ಟಿಬಿ ಎಂದು ತೋರಿಸುತ್ತದೆ. ‘ಉಳಿದದ್ದು ಫಾರ್ಮ್ಯಾಟ್‌ಗೆ ಹೋಗುತ್ತೆ ಸಾರ್’ ಎಂದು ಅಂಗಡಿಯವರು ಹೇಳಿದರು. ಆದರೆ ಎಡಿಟರ್ ಹುಡುಗನ ಮ್ಯಾಕ್‌ಗೆ ಹಾಕಿದರೆ ಅದೇ ಡಿಸ್ಕ್ ಪೂರ್ತಿ 2 ಟಿಬಿ ಅನ್ನುತ್ತದೆ. ಹಳೆಯ ಡೆಸ್ಕ್‌ಟಾಪ್‌ಗೆ ಹಾಕಿಸಿದ 4 ಟಿಬಿ ಡಿಸ್ಕ್ ಅರ್ಧವೇ ಬಳಕೆಗೆ ಸಿಗುತ್ತಿದೆ. ಫೋಲ್ಡರ್‌ಗಳನ್ನೆಲ್ಲ ಆಯ್ದು ಗಾತ್ರ ನೋಡಿದರೆ ಬರುವ ಲೆಕ್ಕಕ್ಕೂ ಡಿಸ್ಕ್ ಎಷ್ಟು ತುಂಬಿದೆ ಎಂಬ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಆನ್‌ಲೈನ್‌ನಲ್ಲಿ ಕೆಲವೇ ಸಾವಿರಕ್ಕೆ 16 ಟಿಬಿ ಎಸ್‌ಎಸ್‌ಡಿ ಸಿಗುತ್ತಿದೆ. ಅದನ್ನೇ ತರಿಸಿಬಿಡಲೇ?

ಉತ್ತರ: ನಿಮ್ಮ 2 ಟಿಬಿ ಡಿಸ್ಕ್‌ನಲ್ಲಿ ಏನೂ ಕಳೆದುಹೋಗಿಲ್ಲ. 4 ಟಿಬಿ ಡಿಸ್ಕ್‌ನ ಅರ್ಧ ನಿಜವಾಗಿಯೂ ಬಳಕೆಗೆ ಸಿಗದೆ ನಿಂತಿದೆ, ಆದರೆ ಅದನ್ನು ಬಿಡಿಸಿಕೊಳ್ಳಬಹುದು. ಆ 16 ಟಿಬಿ ಎಸ್‌ಎಸ್‌ಡಿಯನ್ನು ಮಾತ್ರ ತರಿಸಬೇಡಿ. ಹೊರಗಿನಿಂದ ಒಂದೇ ಥರ ಕಂಡರೂ ಇವು ಬೇರೆ ಬೇರೆ ಸಮಸ್ಯೆಗಳು. ಯಾವುದು ಯಾವುದೆಂದು ತಿಳಿಯಲು ಮೊದಲು ನೋಡಬೇಕಾದದ್ದು ಬೈಟ್‌ಗಳ ಪೂರ್ತಿ ಸಂಖ್ಯೆ. ಟಿಬಿ, ಜಿಬಿ ಎಂದು ಸುತ್ತಿ ಹೇಳುವ ಸಂಖ್ಯೆಯಲ್ಲೇ ಎಲ್ಲ ಗೊಂದಲವಿದೆ. ಬೈಟ್ ಎಣಿಕೆ ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಒಂದೇ.

ಈಗಲೇ ನೋಡಿ. ‘ದಿಸ್ ಪಿಸಿ’ ತೆರೆದು, ಆ ಡಿಸ್ಕ್‌ನ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ಗೆ ಹೋಗಿ. ‘ಕೆಪಾಸಿಟಿ’ ಎಂಬ ಸಾಲಿನಲ್ಲಿ ಎರಡು ಸಂಖ್ಯೆಗಳಿರುತ್ತವೆ. ಬಲಗಡೆಯದು 1.81 ಟಿಬಿ. ಅದರ ಎಡಕ್ಕೆ ಉದ್ದನೆಯ ಬೈಟ್ ಸಂಖ್ಯೆ ಇದೆ, ಅದು 2 ಲಕ್ಷ ಕೋಟಿಗಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಡಬ್ಬಿಯ ಮೇಲೆ ಬರೆದ 2 ಟಿಬಿ ಎಂದರೆ ಅದೇ 2 ಲಕ್ಷ ಕೋಟಿ ಬೈಟ್. ಕಂಪನಿ ಹೇಳಿದಷ್ಟು ಕೊಟ್ಟಿದೆ.

ಇದಕ್ಕೆ ಕೈಗಾರಿಕೆಯಲ್ಲೇ ಒಪ್ಪಿಕೊಂಡ ಒಂದು ಸೂತ್ರವಿದೆ. ಡಿಸ್ಕ್ ತಯಾರಕರ ಸಂಘಟನೆಯಾದ ಐಡಿಇಎಂಎ, ಇಷ್ಟು ಜಿಬಿ ಎಂದು ಮಾರುವ ಡಿಸ್ಕ್‌ನಲ್ಲಿ 512 ಬೈಟ್‌ನ ಸೆಕ್ಟರ್‌ಗಳು, ಅಂದರೆ ಡಿಸ್ಕ್ ಓದಿ ಬರೆಯುವ ಅತಿ ಸಣ್ಣ ತುಂಡುಗಳು, ಎಷ್ಟಿರಬೇಕು ಎಂದು ಗೊತ್ತುಮಾಡಿದೆ. 2 ಟಿಬಿಗೆ ಅದು 3,90,70,29,168 ಸೆಕ್ಟರ್. ಇದನ್ನು 512ರಿಂದ ಗುಣಿಸಿದರೆ 20,00,39,89,34,016 ಬೈಟ್, ಅಂದರೆ 2 ಲಕ್ಷ ಕೋಟಿಯ ಮೇಲೆ ಸುಮಾರು 40 ಕೋಟಿ ಬೈಟ್ ಹೆಚ್ಚುವರಿ. ಈ ಸೂತ್ರದಂತೆ ಮಾಡಿದ ಡಿಸ್ಕ್‌ಗಳಲ್ಲಿ ಕಂಪನಿ ಬೇರೆಯಾದರೂ ಸೆಕ್ಟರ್ ಸಂಖ್ಯೆ ಒಂದೇ. ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ರೇಡ್ ಜೋಡಣೆಯಲ್ಲಿ ಒಂದು ಕಂಪನಿಯ ಡಿಸ್ಕ್ ಕೆಟ್ಟಾಗ ಇನ್ನೊಂದು ಕಂಪನಿಯದನ್ನು ಅದರ ಜಾಗಕ್ಕೆ ಹಾಕಲು ಸಾಧ್ಯವಾಗುವುದು ಇದರಿಂದಲೇ. ಹೊಸ ಡಿಸ್ಕ್ ಒಂದೇ ಒಂದು ಸೆಕ್ಟರ್ ಚಿಕ್ಕದಿದ್ದರೂ ರೇಡ್ ಅದನ್ನು ಒಪ್ಪಿಕೊಳ್ಳದೆ ಹೋಗಬಹುದು.

ಹಾಗಾದರೆ 1.81 ಎಲ್ಲಿಂದ ಬಂತು? ವಿಂಡೋಸ್ ಬೈಟ್ ಸಂಖ್ಯೆಯನ್ನು 1000ದಿಂದಲ್ಲ, 1024ರಿಂದ ಭಾಗಿಸುತ್ತದೆ. ಒಂದು ಸಲ ಭಾಗಿಸಿದರೆ ಕೆಬಿ, ಎರಡು ಸಲಕ್ಕೆ ಎಂಬಿ, ಮೂರು ಸಲಕ್ಕೆ ಜಿಬಿ, ನಾಲ್ಕು ಸಲಕ್ಕೆ ಟಿಬಿ. ಹೀಗಾಗಿ ವಿಂಡೋಸ್‌ನ ದೃಷ್ಟಿಯಲ್ಲಿ ಒಂದು ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್ ಅಲ್ಲ, ಸುಮಾರು 1,09,951 ಕೋಟಿ ಬೈಟ್. ನಿಮ್ಮ ಡಿಸ್ಕ್‌ನ 2,00,039 ಕೋಟಿಯನ್ನು ಅದರಿಂದ ಭಾಗಿಸಿದರೆ 1.819 ಬರುತ್ತದೆ. ವಿಂಡೋಸ್ ಮೂರನೆಯ ದಶಮಾಂಶವನ್ನು ಕತ್ತರಿಸಿ 1.81 ಎಂದು ಬರೆಯುತ್ತದೆ.

1024 ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ರ‍್ಯಾಮ್ ಚಿಪ್‌ನ ಒಳಗೆ ವಿಳಾಸದ ಗೆರೆ ಒಂದು ಹೆಚ್ಚಿದಂತೆಲ್ಲ ತಲುಪಬಹುದಾದ ಕೋಶಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಹತ್ತು ಗೆರೆಗಳಿದ್ದರೆ 1024 ಕೋಶ. ಹಾಗಾಗಿ 8 ಜಿಬಿ ರ‍್ಯಾಮ್ ಎಂದು ಕೊಂಡರೆ ಅದರಲ್ಲಿ 1024ರ ಲೆಕ್ಕದ 8 ಜಿಬಿಯೇ ಪೂರ್ತಿ ಇರುತ್ತದೆ. ಹಾರ್ಡ್ ಡಿಸ್ಕ್‌ಗೆ ಇಂಥ ಯಾವ ಕಟ್ಟೂ ಇಲ್ಲ. ತಟ್ಟೆಯ ಮೇಲೆ ಎಷ್ಟು ವೃತ್ತಗಳನ್ನು ಹಿಡಿಸಬಹುದು, ಪ್ರತಿ ವೃತ್ತದಲ್ಲಿ ಎಷ್ಟು ಸೆಕ್ಟರ್, ಎಷ್ಟು ತಟ್ಟೆ, ಇವುಗಳ ಗುಣಲಬ್ಧವೇ ಅದರ ಗಾತ್ರ. 1956ರಲ್ಲಿ ಐಬಿಎಂ ತಂದ ಮೊದಲ ಹಾರ್ಡ್ ಡಿಸ್ಕ್, ಐಬಿಎಂ 350, ಐವತ್ತು ತಟ್ಟೆಗಳಲ್ಲಿ ಐವತ್ತು ಲಕ್ಷ ಅಕ್ಷರಗಳನ್ನು ಹಿಡಿಯುತ್ತಿತ್ತು. ಆಗಲೂ ಲೆಕ್ಕ ದಶಮಾನದ್ದೇ. ಡಿಸ್ಕ್ ಕಂಪನಿಗಳು ಜನರಿಗೆ ಮೋಸ ಮಾಡಲೆಂದು ಮಧ್ಯದಲ್ಲೆಲ್ಲೋ 1000ಕ್ಕೆ ಬದಲಾಯಿಸಿಕೊಂಡವು ಎಂಬ ಮಾತು ಬಹಳ ಕಡೆ ಓಡಾಡುತ್ತದೆ. ಅದು ನಿಜವಲ್ಲ.

ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1998ರಲ್ಲೇ ಈ ಗೊಂದಲ ಬಿಡಿಸಲು ಹೊರಟು, 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ, ಟೆಬಿ ಎಂಬ ಬೇರೆ ಹೆಸರುಗಳನ್ನು ಕೊಟ್ಟಿತು. ಕಿಲೊ, ಮೆಗಾ, ಗಿಗಾ, ಟೆರಾ ಇವು ಸಾವಿರದ ಲೆಕ್ಕಕ್ಕೇ ಮೀಸಲು. ಆ ಪ್ರಕಾರ ನಿಮ್ಮದು 2 ಟೆರಾಬೈಟ್ ಅಥವಾ 1.81 ಟೆಬಿಬೈಟ್, ಎರಡೂ ಸರಿ. ವಿಂಡೋಸ್ ಮಾತ್ರ 1024ರಿಂದ ಭಾಗಿಸಿ, ಮುಂದೆ ಟಿಬಿ ಎಂದೇ ಹಳೆಯ ಅಕ್ಷರ ಬರೆಯುವುದನ್ನು ಮುಂದುವರಿಸಿದೆ. ನನ್ನ ಮಟ್ಟಿಗೆ ಇಲ್ಲಿ ತಪ್ಪು ಡಬ್ಬಿಯದಲ್ಲ, ವಿಂಡೋಸ್‌ನದು. ಆಪಲ್ 2009ರಲ್ಲಿ ಸ್ನೋ ಲೆಪರ್ಡ್ ಆವೃತ್ತಿಯೊಂದಿಗೆ ಮ್ಯಾಕ್ ಅನ್ನು ಸಾವಿರದ ಲೆಕ್ಕಕ್ಕೆ ಬದಲಾಯಿಸಿತು. ಅದಕ್ಕೇ ನಿಮ್ಮ ಎಡಿಟರ್‌ನ ಮ್ಯಾಕ್ 2 ಟಿಬಿ ಅನ್ನುವುದು. ಲಿನಕ್ಸ್‌ನಲ್ಲಿ ಎರಡೂ ಇವೆ. ಡಿಎಫ್ ಆಜ್ಞೆಗೆ ಸಣ್ಣ ಎಚ್ ಆಯ್ಕೆ ಕೊಟ್ಟರೆ 1024ರ ಲೆಕ್ಕ, ದೊಡ್ಡ ಎಚ್ ಕೊಟ್ಟರೆ 1000ದ ಲೆಕ್ಕ.

ಇಲ್ಲಿ ಇನ್ನೊಂದು ಎಡವಟ್ಟು. 1 ಟಿಬಿ ಡಿಸ್ಕ್ ತಂದವರು 931 ಜಿಬಿ ಕಂಡು ನೂರಕ್ಕೆ ಏಳು ಹೋಯಿತು ಅನ್ನುತ್ತಾರೆ. 2 ಟಿಬಿ ತಂದವರು 1.81 ಕಂಡು ನೂರಕ್ಕೆ ಒಂಬತ್ತು ಹೋಯಿತು ಅನ್ನುತ್ತಾರೆ. ದೊಡ್ಡ ಡಿಸ್ಕ್‌ನಲ್ಲಿ ಹೆಚ್ಚು ನಷ್ಟ ಎಂದು ಅನಿಸಿಬಿಡುತ್ತದೆ. ಪ್ರಮಾಣ ಎರಡರಲ್ಲೂ ಒಂದೇ. 931ನ್ನು ನಾವು 1000ಕ್ಕೆ ಹೋಲಿಸುತ್ತೇವೆ, ಆದರೆ ವಿಂಡೋಸ್‌ನಲ್ಲಿ ಒಂದು ಟಿಬಿ ಆಗಲು 1024 ಜಿಬಿ ಬೇಕು. 931ನ್ನು 1024ರಿಂದ ಭಾಗಿಸಿದರೆ 0.909 ಬರುತ್ತದೆ, ಅದರ ಎರಡರಷ್ಟೇ ನಿಮ್ಮ 1.81.

ಕೊಳ್ಳುವಾಗ ಬಾಯಿಲೆಕ್ಕ ಹಾಕಲು, ಡಬ್ಬಿಯ ಮೇಲೆ ಜಿಬಿ ಇದ್ದರೆ 0.931ರಿಂದ, ಟಿಬಿ ಇದ್ದರೆ 0.909ರಿಂದ ಗುಣಿಸಿ. 64 ಜಿಬಿ ಕಾರ್ಡ್ ವಿಂಡೋಸ್‌ನಲ್ಲಿ 59ರ ಆಸುಪಾಸು, 256 ಜಿಬಿ ಎಸ್‌ಎಸ್‌ಡಿ 238, 512 ಜಿಬಿ ಎಸ್‌ಎಸ್‌ಡಿ 476, 4 ಟಿಬಿ ಡಿಸ್ಕ್ 3.63, 8 ಟಿಬಿ ಡಿಸ್ಕ್ 7.27 ಎಂದು ಕಾಣಬೇಕು. ಇದರ ಹತ್ತಿರಕ್ಕೆ ಬಂದರೆ ಡಿಸ್ಕ್ ಸರಿಯಿದೆ. ಬಹಳ ಕಡಿಮೆ ಕಂಡರೆ ಆಗ ಕಾರಣ ಹುಡುಕಬೇಕು.

ಸ್ಟುಡಿಯೊದಲ್ಲಿ ಇದರಿಂದ ನಿಜವಾದ ತೊಂದರೆಯಾಗುವುದು ಎರಡು ಕಡೆ. ಒಂದು, ಬ್ಯಾಕಪ್. ವಿಂಡೋಸ್‌ನಲ್ಲಿ 1.9 ಟಿಬಿ ಎಂದು ಕಾಣುವ ಫೋಲ್ಡರ್‌ನಲ್ಲಿ ಸುಮಾರು 2.09 ಲಕ್ಷ ಕೋಟಿ ಬೈಟ್ ಇರುತ್ತದೆ. ಅದು 2 ಟಿಬಿ ಡಿಸ್ಕ್‌ಗೆ ಹಿಡಿಸುವುದಿಲ್ಲ, ರಾತ್ರಿ ಕಾಪಿಗೆ ಹಾಕಿ ಹೋದರೆ ಬೆಳಿಗ್ಗೆ ‘ಜಾಗ ಸಾಲದು’ ಎಂಬ ಸಂದೇಶ ಕಾದಿರುತ್ತದೆ. ಎರಡು, ಮ್ಯಾಕ್ ಮತ್ತು ವಿಂಡೋಸ್ ನಡುವೆ ಫೂಟೇಜ್ ಓಡಾಡುವಾಗ. ಮ್ಯಾಕ್‌ನಲ್ಲಿ 50 ಜಿಬಿ ಇದ್ದ ಫೋಲ್ಡರ್ ವಿಂಡೋಸ್‌ನಲ್ಲಿ 46.5 ಜಿಬಿ ಎಂದು ಕಾಣುತ್ತದೆ. ಕಾಪಿ ಅರ್ಧಕ್ಕೆ ನಿಂತಿತು ಎಂದುಕೊಂಡು ಮತ್ತೆ ಮಾಡುವವರಿದ್ದಾರೆ. ಅದಕ್ಕಿಂತ ಅಪಾಯ, ಸಂಖ್ಯೆ ಹೀಗೆ ಬದಲಾಗುವುದು ಮಾಮೂಲು ಎಂದು ಅಭ್ಯಾಸವಾಗಿ, ನಿಜವಾಗಿಯೂ ಅರ್ಧಕ್ಕೆ ನಿಂತ ಕಾಪಿಯನ್ನು ಗಮನಿಸದೆ ಕ್ಯಾಮೆರಾ ಕಾರ್ಡ್ ಅಳಿಸುವುದು. ಕಾರ್ಡ್ ಅಳಿಸುವ ಮುನ್ನ ಎರಡೂ ಕಡೆ ಫೈಲ್‌ಗಳ ಸಂಖ್ಯೆಯನ್ನೂ ಬೈಟ್‌ಗಳ ಸಂಖ್ಯೆಯನ್ನೂ ಕೊನೆಯ ಅಂಕಿಯವರೆಗೆ ಹೋಲಿಸಿ. ಎಷ್ಟು ಕಾರ್ಡ್ ಹಿಡಿಸುತ್ತದೆ ಎಂಬ ಅಂದಾಜಿಗೆ ಮಾತ್ರ ಯಾವ ಪರಿವರ್ತನೆಯೂ ಬೇಡ. ಕಾರ್ಡ್‌ನ ಮೇಲಿನ 64 ಜಿಬಿಯೂ ಡಿಸ್ಕ್‌ನ ಮೇಲಿನ 2 ಟಿಬಿಯೂ ಸಾವಿರದ ಲೆಕ್ಕದವೇ ಆದ್ದರಿಂದ 2000ವನ್ನು 64ರಿಂದ ಭಾಗಿಸಿ, ತುಂಬಿದ 31 ಕಾರ್ಡ್.

ಫಾರ್ಮ್ಯಾಟ್ ಎಷ್ಟು ತಿನ್ನುತ್ತದೆ?

ಅಂಗಡಿಯವರ ಮಾತಿಗೆ ಬರೋಣ. ಫೈಲ್‌ಗಳನ್ನು ಜೋಡಿಸಿಡುವ ವಿಂಡೋಸ್‌ನ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನಲ್ಲಿ 2 ಟಿಬಿ ಡಿಸ್ಕ್ ಫಾರ್ಮ್ಯಾಟ್ ಮಾಡಿದರೆ ವ್ಯವಸ್ಥೆ ತನಗಾಗಿ ಇಟ್ಟುಕೊಳ್ಳುವುದು ಬಹಳ ಸ್ವಲ್ಪ. ಯಾವ ಕ್ಲಸ್ಟರ್ (ಜಾಗದ ತುಂಡು) ಖಾಲಿ, ಯಾವುದು ತುಂಬಿದೆ ಎಂದು ಗುರುತಿಡುವ ಬಿಟ್‌ಮ್ಯಾಪ್ ಸುಮಾರು 60 ಎಂಬಿ, ವಿದ್ಯುತ್ ಹೋದಾಗ ಸುಧಾರಿಸಿಕೊಳ್ಳಲು ಇರುವ ಲಾಗ್ ಸಾಮಾನ್ಯವಾಗಿ 64 ಎಂಬಿ, ಫೈಲ್‌ಗಳ ಪಟ್ಟಿಯಾದ ಎಂಎಫ್‌ಟಿಯ ಆರಂಭದ ತುಂಡು, ಇನ್ನೂ ಚಿಲ್ಲರೆ. ಎಲ್ಲ ಸೇರಿ ನೂರಿನ್ನೂರು ಎಂಬಿ, ಡಿಸ್ಕ್‌ನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಅದು ಕೂಡ ‘ಕೆಪಾಸಿಟಿ’ಯಿಂದ ಕಳೆಯುವುದಿಲ್ಲ, ‘ಯೂಸ್ಡ್’ ಲೆಕ್ಕಕ್ಕೆ ಸೇರುತ್ತದೆ. 2ನ್ನು 1.81 ಮಾಡಲು ಫಾರ್ಮ್ಯಾಟ್‌ಗೆ ಸಾಧ್ಯವೇ ಇಲ್ಲ.

ಫಾರ್ಮ್ಯಾಟ್ ನಿಜವಾಗಿಯೂ ದೊಡ್ಡ ಪಾಲು ಎತ್ತಿಡುವುದು ಲಿನಕ್ಸ್‌ನ ಅಂಥದೇ ವ್ಯವಸ್ಥೆಯಾದ ಇಎಕ್ಸ್‌ಟಿ4ನಲ್ಲಿ. ಸ್ಟುಡಿಯೊದಲ್ಲಿ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ ಇದ್ದರೆ ಒಳಗೆ ಇದೇ ಇರುವ ಸಂಭವ ಹೆಚ್ಚು. ಮೊದಲೇ ಗೊತ್ತುಮಾಡಿದ ಮೌಲ್ಯಗಳ ಪ್ರಕಾರ ಅದು ಪ್ರತಿ 16 ಕೆಬಿ ಜಾಗಕ್ಕೆ ಒಂದು ಐನೋಡ್, ಅಂದರೆ ಒಂದು ಫೈಲ್‌ನ ವಿವರಕ್ಕೆ 256 ಬೈಟ್‌ನ ಸ್ಥಳ, ಮೊದಲೇ ಕಾದಿರಿಸುತ್ತದೆ. ಡಿಸ್ಕ್‌ನ 64ರಲ್ಲಿ ಒಂದು ಪಾಲು ಇದಕ್ಕೇ ಹೋಯಿತು, 2 ಟಿಬಿಗೆ 31 ಜಿಬಿ. ಇದರ ಮೇಲೆ ಶೇ. 5ರಷ್ಟು ಜಾಗವನ್ನು ರೂಟ್, ಅಂದರೆ ಪೂರ್ಣ ಅಧಿಕಾರವಿರುವ ಬಳಕೆದಾರನಿಗೆಂದು ಬೇರೆ ಇಡುತ್ತದೆ, ಅದು 100 ಜಿಬಿ. ಸಿಸ್ಟಂ ಇರುವ ಪಾರ್ಟಿಷನ್‌ನಲ್ಲಿ (ಡಿಸ್ಕ್‌ನ ಭಾಗದಲ್ಲಿ) ಆ ಶೇ. 5 ಬೇಕು. ಡಿಸ್ಕ್ ತುಂಬಿದಾಗಲೂ ರೂಟ್ ಆಗಿ ಒಳಹೊಕ್ಕು ಸ್ವಚ್ಛ ಮಾಡಲು ಅದೇ ಆಸರೆ. ಫೂಟೇಜ್ ತುಂಬುವ ಡಿಸ್ಕ್‌ನಲ್ಲಿ ಅದು ವ್ಯರ್ಥ. ಟ್ಯೂನ್‌2ಎಫ್‌ಎಸ್ ಆಜ್ಞೆಗೆ ಎಂ ಆಯ್ಕೆ ಕೊಟ್ಟು 1 ಅಥವಾ 0 ಎಂದರೆ ಒಂದು ಕ್ಷಣದಲ್ಲಿ ಮರಳಿ ಬರುತ್ತದೆ, ಡೇಟಾ ಅಳಿಯುವುದಿಲ್ಲ. ಐನೋಡ್‌ಗಳ ಪಾಲನ್ನು ಮಾತ್ರ ಹೊಸದಾಗಿ ಫಾರ್ಮ್ಯಾಟ್ ಮಾಡುವಾಗಲೇ ತಗ್ಗಿಸಬೇಕು. ದೊಡ್ಡ ವಿಡಿಯೊ ಫೈಲ್‌ಗಳಿಗೆಂದೇ ಮೀಸಲಾದ ಡಿಸ್ಕ್‌ಗೆ ‘ಲಾರ್ಜ್‌ಫೈಲ್’ ಎಂಬ ಬಗೆಯನ್ನು ಆಯ್ದರೆ 1 ಎಂಬಿಗೆ ಒಂದು ಐನೋಡ್ ಆಗಿ, ಆ 31 ಜಿಬಿ ಅರ್ಧ ಜಿಬಿಗೆ ಇಳಿಯುತ್ತದೆ.

ಫೋಲ್ಡರ್‌ಗಳ ಲೆಕ್ಕ ಏಕೆ ತಾಳೆಯಾಗುವುದಿಲ್ಲ?

ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ‘ಸೈಜ್’, ‘ಸೈಜ್ ಆನ್ ಡಿಸ್ಕ್’ ಎಂಬ ಎರಡು ಸಾಲುಗಳಿವೆ. ಡಿಸ್ಕ್ ಜಾಗವನ್ನು ಬಿಡಿ ಬೈಟ್‌ನಲ್ಲಿ ಕೊಡುವುದಿಲ್ಲ, ಕ್ಲಸ್ಟರ್ ಎಂಬ ಇಡೀ ತುಂಡುಗಳಲ್ಲಿ ಕೊಡುತ್ತದೆ. ಕೊನೆಯ ತುಂಡು ಪೂರ್ತಿ ತುಂಬದಿದ್ದರೂ ಅದು ಆ ಫೈಲ್‌ನದೇ. ಎನ್‌ಟಿಎಫ್‌ಎಸ್‌ನಲ್ಲಿ ತುಂಡಿನ ಗಾತ್ರ ಸಾಮಾನ್ಯವಾಗಿ 4 ಕೆಬಿ, ಆದ್ದರಿಂದ ನಷ್ಟ ಗಣನೆಗೆ ಬರುವುದಿಲ್ಲ. ಮ್ಯಾಕ್, ವಿಂಡೋಸ್ ಎರಡರಲ್ಲೂ ಓಡಾಡುವ ನಿಮ್ಮ ಡಿಸ್ಕ್ ಬಹುಶಃ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿದೆ. 32 ಜಿಬಿಗಿಂತ ದೊಡ್ಡ ಎಕ್ಸ್‌ಫ್ಯಾಟ್ ಡಿಸ್ಕ್‌ಗೆ ವಿಂಡೋಸ್ ತಾನಾಗಿ ಆರಿಸುವ ಕ್ಲಸ್ಟರ್ 128 ಕೆಬಿ.

ರಾ ಫೋಟೊ, ವಿಡಿಯೊಗಳಿಗೆ ಇದೇನೂ ತೊಂದರೆಯಲ್ಲ. 25 ಎಂಬಿಯ ಫೋಟೊ ಒಂದಕ್ಕೆ ಸರಾಸರಿ ಅರ್ಧ ತುಂಡು ಪೋಲು, 20,000 ಫೋಟೊಗೆ 1.3 ಜಿಬಿ ಆದೀತು. ತೊಂದರೆ ಸಣ್ಣ ಫೈಲ್‌ಗಳಿಂದ. ಎಡಿಟಿಂಗ್ ಸಾಫ್ಟ್‌ವೇರ್ ಪ್ರತಿ ಫೋಟೊದ ಪಕ್ಕದಲ್ಲಿ ಇಡುವ ಎಕ್ಸ್‌ಎಂಪಿ ಫೈಲ್, ಥಂಬ್‌ನೇಲ್, ಪ್ರಿವ್ಯೂ ಕ್ಯಾಶ್ ಇವೆಲ್ಲ ಕೆಲವೇ ಕೆಬಿಗಳವು, ಆದರೆ ಒಂದೊಂದೂ 128 ಕೆಬಿ ಹಿಡಿಯುತ್ತದೆ. 2 ಕೆಬಿಯ ಒಂದು ಲಕ್ಷ ಫೈಲ್‌ಗಳಿದ್ದರೆ ನಿಜವಾದ ಮಾಹಿತಿ 200 ಎಂಬಿ, ಹೋಗುವ ಜಾಗ 13 ಜಿಬಿ. ಎಕ್ಸ್‌ಫ್ಯಾಟ್ ಡಿಸ್ಕ್‌ಗೆ ಮ್ಯಾಕ್‌ನಿಂದ ಕಾಪಿ ಮಾಡಿದಾಗ ಇನ್ನೊಂದು ಸೇರುತ್ತದೆ. ಅನೇಕ ಫೈಲ್‌ಗಳ ಜೊತೆಗೆ ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುವ ಹೆಸರಿನ ಒಂದು ಮರಿ ಫೈಲ್ ಹುಟ್ಟುತ್ತದೆ. ಸಾಮಾನ್ಯವಾಗಿ 4 ಕೆಬಿಯ ಇದು ಕೂಡ 128 ಕೆಬಿ ತಿನ್ನುತ್ತದೆ. ವಿಂಡೋಸ್‌ನಲ್ಲಿ ಅಡಗಿಸಿಟ್ಟ ಫೈಲ್‌ಗಳನ್ನು ತೋರಿಸಲು ಹೇಳಿದರೆ ಇವು ಕಾಣುತ್ತವೆ. ಮ್ಯಾಕ್‌ನ ಬಣ್ಣದ ಟ್ಯಾಗ್‌ನಂಥ ಹೆಚ್ಚುವರಿ ಮಾಹಿತಿ ಬೇಡವಾದರೆ ಇವನ್ನು ತೆಗೆಯಬಹುದು, ಮ್ಯಾಕ್‌ನ ಟರ್ಮಿನಲ್‌ನಲ್ಲಿ ಡಾಟ್‌ಕ್ಲೀನ್ ಎಂಬ ಉಪಕರಣ ಇದಕ್ಕೇ ಇದೆ.

ಹೊಸ ಡಿಸ್ಕ್ ಅನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡುವಾಗ ‘ಅಲೊಕೇಷನ್ ಯುನಿಟ್ ಸೈಜ್’ನಲ್ಲಿ 32 ಕೆಬಿ ಆಯ್ದರೆ ಈ ಪೋಲು ಕಾಲು ಭಾಗಕ್ಕೆ ಇಳಿಯುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಬಳಸುವ ಡಿಸ್ಕ್ ಆದರೆ ಎನ್‌ಟಿಎಫ್‌ಎಸ್‌ ಆಯ್ದುಕೊಳ್ಳಿ. ಅದಕ್ಕೆ ಜರ್ನಲ್, ಅಂದರೆ ಬದಲಾವಣೆಗಳನ್ನು ಮೊದಲೇ ಗುರುತಿಡುವ ದಾಖಲೆ ಇದೆ, ಕಾಪಿ ನಡುವೆ ಕೇಬಲ್ ಕಿತ್ತುಬಂದರೂ ಡಿಸ್ಕ್‌ನ ಫೈಲ್ ಪಟ್ಟಿ ಕೆಡುವ ಸಂಭವ ಕಡಿಮೆ. ಎಕ್ಸ್‌ಫ್ಯಾಟ್‌ಗೆ ಆ ರಕ್ಷಣೆಯಿಲ್ಲ. ಫಾರ್ಮ್ಯಾಟ್ ಮಾಡಿದರೆ ಇರುವುದೆಲ್ಲ ಅಳಿಯುತ್ತದೆ ಎಂಬುದು ನೆನಪಿರಲಿ.

ಲೆಕ್ಕ ತಪ್ಪಿಸುವ ಇನ್ನೊಂದು ಗುಂಪು ಕಣ್ಣಿಗೆ ಕಾಣದ ಫೋಲ್ಡರ್‌ಗಳದು. ಹಾರ್ಡ್ ಡಿಸ್ಕ್‌ನಿಂದ ಡಿಲೀಟ್ ಮಾಡಿದ ಫೈಲ್ ಆ ಡಿಸ್ಕ್‌ನಲ್ಲೇ ಇರುವ ರೀಸೈಕಲ್ ಬಿನ್‌ಗೆ ಹೋಗುತ್ತದೆ, ಎಕ್ಸ್‌ಟರ್ನಲ್ ಆದರೂ ಅಷ್ಟೇ. ಮ್ಯಾಕ್‌ನಲ್ಲಿ ಅಳಿಸಿದ್ದರೆ ‘ಟ್ರ್ಯಾಷಸ್’ ಎಂಬ ಅಡಗಿದ ಫೋಲ್ಡರ್‌ಗೆ. ಮ್ಯಾಕ್‌ನಲ್ಲಿ ಅಳಿಸಿದ 200 ಜಿಬಿ ವಿಡಿಯೊ ವಿಂಡೋಸ್‌ನ ರೀಸೈಕಲ್ ಬಿನ್‌ನಲ್ಲಿ ಕಾಣುವುದಿಲ್ಲ, ಆದರೆ ಜಾಗ ಹಿಡಿದೇ ಇರುತ್ತದೆ. ಡಿಸ್ಕ್ ಅನ್ನು ಮತ್ತೆ ಮ್ಯಾಕ್‌ಗೆ ಹಾಕಿ ಟ್ರ್ಯಾಶ್ ಖಾಲಿ ಮಾಡಬೇಕು. ನಿಮ್ಮ ವಿವರಣೆ ನೋಡಿದರೆ ನಾನು ಮೊದಲು ಅನುಮಾನಪಡುವುದು ಇದನ್ನೇ. ಇದಲ್ಲದಿದ್ದರೆ ವಿಜ್‌ಟ್ರೀ (ಸ್ವಂತ ಬಳಕೆಗೆ ಮಾತ್ರ ಉಚಿತ) ಅಥವಾ ಉಚಿತವಾದ ವಿನ್‌ಡಿರ್‌ಸ್ಟ್ಯಾಟ್ ಎಂಬ ಸಾಧನವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಸಾಮಾನ್ಯ ಬಳಕೆದಾರರಾಗಿ ತೆರೆದರೆ ‘ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್’ನಂಥ ಫೋಲ್ಡರ್‌ಗಳ ಒಳಗೆ ಅವು ಇಣುಕಲಾರವು, ಲೆಕ್ಕ ಮತ್ತೆ ತಪ್ಪುತ್ತದೆ.

ಲ್ಯಾಪ್‌ಟಾಪ್‌ನ ಸಿ ಡ್ರೈವ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. 512 ಜಿಬಿ ಎಸ್‌ಎಸ್‌ಡಿ 476 ಆಗಿ ಕಾಣಬೇಕಾದಲ್ಲಿ ಸಿ ಡ್ರೈವ್ 450ರ ಸುತ್ತ ಇದ್ದರೆ ಗಾಬರಿ ಬೇಡ. ಬೂಟ್‌ಗೆ ಬೇಕಾದ ಇಎಫ್‌ಐ ಪಾರ್ಟಿಷನ್, ವಿಂಡೋಸ್ ರಿಕವರಿ, ಕೆಲವು ಕಂಪನಿಗಳು ಸೇರಿಸುವ ತಮ್ಮದೇ ರಿಕವರಿ ಪಾರ್ಟಿಷನ್ ಇವು ಪಕ್ಕದಲ್ಲಿರುತ್ತವೆ. ಸಿ ಡ್ರೈವ್ ಒಳಗೆ ಹೈಬರ್ನೇಷನ್ ಫೈಲ್ ರ‍್ಯಾಮ್‌ನ ಶೇ. 40ರಷ್ಟು ಹಿಡಿಯುತ್ತದೆ, 16 ಜಿಬಿ ರ‍್ಯಾಮ್ ಇದ್ದರೆ 6.4 ಜಿಬಿ. ಅಪ್‌ಡೇಟ್‌ಗಳಿಗೆಂದು ವಿಂಡೋಸ್ ಕಾದಿರಿಸುವುದು ಸುಮಾರು 7 ಜಿಬಿ. ಇನ್ನು ಎಸ್‌ಎಸ್‌ಡಿಯ ಒಳಗಿನ ಚಿಪ್‌ಗಳು ಸಾಮಾನ್ಯವಾಗಿ 1024ರ ಲೆಕ್ಕದವೇ ಆಗಿರುತ್ತವೆ. ಡಬ್ಬಿಯ 512ಕ್ಕೂ ಚಿಪ್‌ಗಳ 512ಕ್ಕೂ ನಡುವಿನ ಸುಮಾರು 37 ಜಿಬಿಯನ್ನು ಕಂಟ್ರೋಲರ್ (ನಿಯಂತ್ರಕ ಚಿಪ್) ಸವೆದ ಬ್ಲಾಕ್‌ಗಳ ಬದಲಿಗೆ, ಒಳಗಿನ ಅಚ್ಚುಕಟ್ಟಿಗೆ ಬಳಸುತ್ತದೆ. ಅದು ಇಲ್ಲದಿದ್ದರೆ ಎಸ್‌ಎಸ್‌ಡಿ ಬೇಗ ನಿಧಾನವಾಗಿ, ಬೇಗ ಸವೆದುಹೋಗುತ್ತದೆ.

4 ಟಿಬಿ ಡಿಸ್ಕ್‌ನ ಅರ್ಧ

ಇಲ್ಲಿ ಲೆಕ್ಕದ ಗೊಂದಲವಲ್ಲ, ಪಾರ್ಟಿಷನ್ ಪಟ್ಟಿಯ ಮಿತಿ. ಹಳೆಯ ಎಂಬಿಆರ್ (ಮಾಸ್ಟರ್ ಬೂಟ್ ರೆಕಾರ್ಡ್) ಪಟ್ಟಿ ಸೆಕ್ಟರ್‌ನ ಸಂಖ್ಯೆ ಬರೆಯಲು 32 ಬಿಟ್ ಮಾತ್ರ ಇಟ್ಟುಕೊಂಡಿದೆ. 512 ಬೈಟ್‌ನ ಸೆಕ್ಟರ್ ಆದರೆ ಅದು ತಲುಪುವುದು ವಿಂಡೋಸ್ ಲೆಕ್ಕದ 2048 ಜಿಬಿಯವರೆಗೆ, ಅದರಾಚೆಯ ಸೆಕ್ಟರ್‌ಗೆ ಬರೆಯಲು ವಿಳಾಸವೇ ಇಲ್ಲ. ವಿಂಡೋಸ್ ಚಿಹ್ನೆಯ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. 2048 ಜಿಬಿಯ ಒಂದು ಭಾಗ, ಪಕ್ಕದಲ್ಲಿ ಕಪ್ಪು ಪಟ್ಟಿಯ ಕೆಳಗೆ 1678 ಜಿಬಿ ‘ಅನ್‌ಅಲೊಕೇಟೆಡ್’ ಎಂದು ಕಂಡರೆ ಇದೇ ಕಾಯಿಲೆ. ಎಡಗಡೆ ‘ಡಿಸ್ಕ್ 1’ ಎಂಬ ಬೂದು ಚೌಕದ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ‘ವಾಲ್ಯೂಮ್ಸ್’ನಲ್ಲಿ ಪಾರ್ಟಿಷನ್ ಬಗೆ ‘ಮಾಸ್ಟರ್ ಬೂಟ್ ರೆಕಾರ್ಡ್’ ಎಂದಿದೆಯೇ ನೋಡಿ ಖಚಿತಪಡಿಸಿಕೊಳ್ಳಿ.

ಪರಿಹಾರ ಜಿಪಿಟಿ ಎಂಬ ಹೊಸ ಬಗೆಯ ಪಟ್ಟಿಗೆ ಬದಲಾಯಿಸುವುದು. ಮೊದಲು ಆ ಡಿಸ್ಕ್‌ನಲ್ಲಿರುವುದನ್ನೆಲ್ಲ ಬೇರೆ ಕಡೆಗೆ ಕಾಪಿ ಮಾಡಿ, ತೆರೆದು ಪರೀಕ್ಷಿಸಿ. ನಂತರ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದರ ಪಾರ್ಟಿಷನ್ ಅಳಿಸಿ. ಅದೇ ಬೂದು ಚೌಕದ ಮೇಲೆ ಬಲ ಕ್ಲಿಕ್ ಮಾಡಿದರೆ ‘ಕನ್ವರ್ಟ್ ಟು ಜಿಪಿಟಿ ಡಿಸ್ಕ್’ ಈಗ ಸಿಗುತ್ತದೆ. ಪಾರ್ಟಿಷನ್ ಇರುವ ತನಕ ಅದು ಮಸುಕಾಗಿ, ಒತ್ತಲು ಬಾರದಂತೆ ಇರುತ್ತದೆ. ಆಮೇಲೆ ‘ನ್ಯೂ ಸಿಂಪಲ್ ವಾಲ್ಯೂಮ್’ನಿಂದ ಪೂರ್ತಿ ಜಾಗವನ್ನು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. 3.63 ಟಿಬಿ ಕಾಣಬೇಕು. ವಿಂಡೋಸ್ ಇರುವುದು ಬೇರೆ ಡಿಸ್ಕ್‌ನಲ್ಲಾದರೆ ಕಂಪ್ಯೂಟರ್ ಚಾಲೂ ಮಾಡುವ ಹಳೆಯ ತಂತ್ರಾಂಶವಾದ ಬಯಾಸ್ ಇದ್ದರೂ ಇಷ್ಟೇ ಸಾಕು. ಇದೇ ಡಿಸ್ಕ್‌ನಿಂದ ವಿಂಡೋಸ್ ಬೂಟ್ ಆಗಬೇಕಾದರೆ ಮದರ್‌ಬೋರ್ಡ್ ಅದರ ಹೊಸ ರೂಪವಾದ ಯುಇಎಫ್‌ಐ ಬೆಂಬಲಿಸಲೇಬೇಕು.

ಇದೇ 4 ಟಿಬಿ ಡಿಸ್ಕ್ ಅನ್ನು ಬಿಡಿ ಡಿಸ್ಕ್ ಅನ್ನು ಯುಎಸ್‌ಬಿಗೆ ಜೋಡಿಸುವ ಹಳೆಯ ಡಾಕ್‌ಗೆ ಹಾಕಿದಾಗ ಇಡೀ ಡಿಸ್ಕೇ 1.63 ಟಿಬಿ ಎಂದು ಕಂಡರೆ, 3 ಟಿಬಿ ಡಿಸ್ಕ್ 746 ಜಿಬಿ ಎಂದು ಕಂಡರೆ, ತಪ್ಪು ಡಾಕ್‌ನದು. ಅದರ ಚಿಪ್ 32 ಬಿಟ್‌ನಾಚೆ ಎಣಿಸಲಾರದೆ ಸೊನ್ನೆಯಿಂದ ಮತ್ತೆ ಶುರುಮಾಡಿ, 2048 ಜಿಬಿ ಮೀರಿದ ಭಾಗವನ್ನಷ್ಟೇ ಹೇಳುತ್ತದೆ. ಅಂಥ ಡಾಕ್‌ನಲ್ಲಿ ಏನನ್ನೂ ಬರೆಯಬೇಡಿ. ಇನ್ನೊಂದು ಎಚ್ಚರಿಕೆ, ಎಕ್ಸ್‌ಟರ್ನಲ್ ಡಿಸ್ಕ್‌ನ ಪೆಟ್ಟಿಗೆ ಒಡೆದು ಒಳಗಿನದನ್ನು ನೇರ ಮದರ್‌ಬೋರ್ಡ್‌ಗೆ ಹಾಕುವ ಮುನ್ನ. ಕೆಲವು ಪೆಟ್ಟಿಗೆಗಳು 512ರ ಸೆಕ್ಟರ್‌ಗಳನ್ನು 4096 ಎಂದು ಕಂಪ್ಯೂಟರ್‌ಗೆ ತೋರಿಸುತ್ತವೆ. ಹೊರತೆಗೆದಾಗ ಪಾರ್ಟಿಷನ್ ಪಟ್ಟಿಯ ಸಂಖ್ಯೆಗಳು ಹೊಂದದೆ ಡಿಸ್ಕ್ ಖಾಲಿ ಎಂಬಂತೆ ಕಾಣುತ್ತದೆ. ವಿಂಡೋಸ್ ‘ಇನಿಷಿಯಲೈಸ್ ಮಾಡಲೇ’ ಎಂದು ಕೇಳಿದರೆ ಒಪ್ಪಬೇಡಿ. ಮತ್ತೆ ಅದೇ ಪೆಟ್ಟಿಗೆಗೆ ಹಾಕಿದರೆ ಡೇಟಾ ಅಲ್ಲೇ ಇರುತ್ತದೆ.

ಕಂಪನಿಯಿಂದ ಪರಿಹಾರ ಕೇಳಬಹುದೇ ಎಂದು ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ ಇದೇ ವ್ಯತ್ಯಾಸ ಹಿಡಿದು ಗ್ರಾಹಕರು ಕೋರ್ಟಿಗೆ ಹೋಗಿದ್ದರು. ವೆಸ್ಟರ್ನ್ ಡಿಜಿಟಲ್ 2006ರಲ್ಲಿ, ಸೀಗೇಟ್ 2007ರಲ್ಲಿ ರಾಜಿ ಮಾಡಿಕೊಂಡವು. 2020ರಲ್ಲಿ ಸ್ಯಾನ್‌ಡಿಸ್ಕ್ ವಿರುದ್ಧದ ಅಂಥದೇ ದಾವೆಯನ್ನು ಕ್ಯಾಲಿಫೋರ್ನಿಯಾದ ನ್ಯಾಯಾಲಯ ವಜಾ ಮಾಡಿತು, ಏಕೆಂದರೆ 1 ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಪೊಟ್ಟಣದ ಮೇಲೇ ಬರೆದಿತ್ತು. ನಿಮ್ಮ ಡಬ್ಬಿಯ ಹಿಂಭಾಗದಲ್ಲೂ ಸಣ್ಣ ಅಕ್ಷರದಲ್ಲಿ ಆ ಸಾಲು ಇರುತ್ತದೆ.

ಆ 16 ಟಿಬಿ ಎಸ್‌ಎಸ್‌ಡಿ

ಬೈಟ್ ಎಣಿಕೆಯನ್ನೇ ನಂಬಿ ಎಂದೆ. ಆ ಎಣಿಕೆಯೂ ಸುಳ್ಳಾಗುವುದು ಇಂಥ ನಕಲಿ ಸಾಧನಗಳಲ್ಲಿ. ಲೋಹದ ಚಂದದ ಕವಚದ ಒಳಗೆ ಎಷ್ಟೋ ಸಲ ಇರುವುದು ಯುಎಸ್‌ಬಿ ಕಾರ್ಡ್ ರೀಡರ್‌ಗೆ ಸಿಕ್ಕಿಸಿದ ಒಂದು 64 ಜಿಬಿ ಮೈಕ್ರೊ ಎಸ್‌ಡಿ ಕಾರ್ಡ್. ಅದರ ಕಂಟ್ರೋಲರ್‌ಗೆ 16 ಟಿಬಿ ಎಂದು ಹೇಳುವಂತೆ ಕಲಿಸಿರುತ್ತಾರೆ. ವಿಂಡೋಸ್ ಅದನ್ನು ನಂಬಿ 14.5 ಟಿಬಿ ಎಂದು ಸರಿಯಾಗಿ ಪರಿವರ್ತಿಸಿಯೂ ತೋರಿಸುತ್ತದೆ. ಮೊದಲ 64 ಜಿಬಿ ಚೆನ್ನಾಗಿಯೇ ಹೋಗುತ್ತದೆ. ಅಲ್ಲಿಂದ ಮುಂದೆ ಬರೆದದ್ದು ಹಳೆಯದರ ಮೇಲೆ ಕೂರುತ್ತದೆ, ಇಲ್ಲವೇ ಎಲ್ಲೂ ಉಳಿಯುವುದಿಲ್ಲ. ಫೈಲ್‌ನ ಹೆಸರು, ಗಾತ್ರ, ದಿನಾಂಕ ಎಲ್ಲ ಕಾಣುತ್ತವೆ, ತೆರೆದರೆ ಒಳಗೆ ಏನೂ ಇಲ್ಲ. ಕಾಪಿ ಮಾಡುವಾಗ ಯಾವ ದೋಷವೂ ಬರುವುದಿಲ್ಲವಾದ್ದರಿಂದ ಒಂದು ಇಡೀ ಮದುವೆಯ ಫೂಟೇಜ್ ಹೋದದ್ದು ಗೊತ್ತಾಗುವುದು ಗ್ರಾಹಕರು ಆಲ್ಬಂ ಕೇಳಿದ ದಿನ.

ಈಗಾಗಲೇ ಇರುವ ಪೆನ್ ಡ್ರೈವ್, ಕಾರ್ಡ್, ಡಿಸ್ಕ್‌ಗಳ ಮೇಲೂ ಅನುಮಾನವಿದ್ದರೆ ಪರೀಕ್ಷೆಯ ದಾರಿ ಒಂದೇ, ಪೂರ್ತಿ ತುಂಬಿ ವಾಪಸ್ ಓದುವುದು. ವಿಂಡೋಸ್‌ನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್‌3, ಎರಡೂ ಉಚಿತ. ಸಾಧನವನ್ನು ಖಾಲಿ ಮಾಡಿ, ಇಡೀ ಜಾಗವನ್ನು ಆಯ್ದು ಬರೆಯಲು, ಓದಲು ಬಿಡಿ. ಅರ್ಧಕ್ಕೆ ನಿಲ್ಲಿಸಿದ ಪರೀಕ್ಷೆಗೆ ಬೆಲೆಯಿಲ್ಲ, ನಕಲಿಯಲ್ಲಿ ಕೆಡುವುದೇ ಕೊನೆಯ ಭಾಗ. ಸೆಕೆಂಡಿಗೆ 15 ಎಂಬಿ ಬರೆಯುವ 64 ಜಿಬಿ ಪೆನ್ ಡ್ರೈವ್‌ಗೆ ಬರೆಯಲು ಒಂದೂಕಾಲು ಗಂಟೆ ಹಿಡಿಯುತ್ತದೆ, ಓದುವುದು ಅದಕ್ಕಿಂತ ಬೇಗ ಮುಗಿಯುತ್ತದೆ. ಸೆಕೆಂಡಿಗೆ 100 ಎಂಬಿ ಓಡುವ ನಿಮ್ಮ 2 ಟಿಬಿ ಡಿಸ್ಕ್‌ಗೆ ಬರೆಯಲು ಐದೂವರೆ ಗಂಟೆ, ಓದಲು ಅಷ್ಟೇ, ರಾತ್ರಿ ಹಚ್ಚಿ ಬಿಟ್ಟರೆ ಬೆಳಿಗ್ಗೆ ಫಲಿತಾಂಶ ಸಿಗುತ್ತದೆ. ದೋಷವಿಲ್ಲ ಎಂದು ಬಂದರೆ ಧೈರ್ಯವಾಗಿ ಬಳಸಿ. ಇಷ್ಟು ಜಿಬಿ ಸರಿ, ಉಳಿದದ್ದು ಕಳೆದಿದೆ ಎಂದು ಬಂದರೆ ಆ ಪರದೆಯ ಚಿತ್ರ ತೆಗೆದಿಟ್ಟುಕೊಂಡು, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಮಾರಾಟಗಾರರಿಗೆ ವಾಪಸ್ ಕಳಿಸಿ. ಹೊಸ ಡಿಸ್ಕ್ ಬಂದ ದಿನವೇ ಈ ಪರೀಕ್ಷೆ ಮಾಡಬೇಕೆನ್ನುವುದು ಅದಕ್ಕಾಗಿಯೇ.